ಮಲ್ಲಿಗೆ ಎಲೆಯ ಕರಿಬೂಷ್ಟು

9 ಸೆಪ್ಟೆಂಬರ್ 2024, ಸೋಮವಾರ

ಈ ಡೈರಿಯನ್ನು ಸೊಸೆ ಶಾಂಭವಿ ಕೊಟ್ಟಳು. ಪ್ರೀತಿಯಿಂದ ಕೊಟ್ಟಳು ಎಂದು ಬರೆಯಬಹುದಿತ್ತು. ಮೊದಲ ಪುಟದಲ್ಲೇ ಸುಳ್ಳು ಬೇಡ. “ಮಾವಾರ, ನನ್ ಮುಂದ ಹೇಳೋದನ್ನೆಲ್ಲ ಇನ್ಮ್ಯಾಲ ಇದಕ್ಕ ಹೇಳ್ರಿ. ಇದಕ್ಕ ಒಲಿ ಮ್ಯಾಲ ಹಾಲು ಇರಂಗಿಲ್ಲ,” ಅಂದಳು. ಹರಪನಹಳ್ಳಿಗೆ ಹೋಗಬೇಕಿದ್ದ ಟೆಲಿಗ್ರಾಂ ಹಡಗಲಿಗೆ ಹೋದ ಕಥೆಯನ್ನು ನಿನ್ನೆ ಹೇಳುವಾಗ ಹಾಲು ಉಕ್ಕಿತ್ತು. ಕಥೆ ಇನ್ನೂ ಅರ್ಧಕ್ಕೇ ನಿಂತಿದೆ. ಇರಲಿ.

ಬರೆಯುವವನು: ಗುರುಸಂಗಪ್ಪ, ಅರವತ್ತೆಂಟು ವರ್ಷ, ನಿವೃತ್ತ ಸಬ್ ಪೋಸ್ಟ್‌ಮಾಸ್ಟರ್, ಕೊಟ್ಟೂರು. ಓದುವವನು: ಸದರಿಯವನೇ. ನನಗೆ ನಾನೇ ಇಷ್ಟೆಲ್ಲ ಹೇಳಿಕೊಳ್ಳಬೇಕಿಲ್ಲ ಎಂದು ಗೊತ್ತು. ಆದರೆ ನಲವತ್ತು ವರ್ಷ ಕಾಗದ ವಿಂಗಡಿಸಿದ ಕೈ, ಪೂರ್ತಿ ವಿಳಾಸವಿಲ್ಲದೆ ಮುಂದೆ ಹೋಗುವುದಿಲ್ಲ.

ಇವತ್ತಿನ ಸಂಗತಿ ಮಲ್ಲಿಗೆ ಗಿಡ. ಬಾಗಿಲ ಬಲಕ್ಕಿದೆ. ಇವಳು, ನನ್ನ ಹೆಂಡತಿ, ಮದುವೆಯಾದ ವರ್ಷ ತವರಿನಿಂದ, ಅಂದರೆ ಹಡಗಲಿಯಿಂದ, ಸೆರಗಿನಲ್ಲಿ ಸುತ್ತಿ ತಂದ ಸಸಿ. ಇವಳು ಹೋಗಿ ಐದು ತಿಂಗಳಾಯಿತು. ಈಗ ಎಲೆಯ ತುಂಬ ಕರಿ ಚುಕ್ಕೆ, ದೀಪದ ಮಸಿ ಬಳಿದ ಹಾಗೆ. ಮಗ ಅರುಣಕುಮಾರ್ ಗೊಬ್ಬರದ ಅಂಗಡಿಯವನು, ಔಷಧಿಯ ಕ್ಯಾನು ಬೆನ್ನಿಗೆ ಕಟ್ಟಿಕೊಂಡೇ ಬಂದ.

“ಅಪ್ಪಾ, ಬೂಷ್ಟು ಹತ್ತೈತಿ. ಎರಡ್ಸಲ ಹೊಡದ್ರ ಹೋಗ್ತೈತಿ, ಸರೀರಿ ಅತ್ಲಾಗ.”

ನಾನು ಸರಿಯಲಿಲ್ಲ. ಯಾಕೋ ಆ ಗಿಡಕ್ಕೆ ಯಾರೂ ಕೈ ಹಚ್ಚುವುದು ಬೇಡ ಅನ್ನಿಸಿತು. ಹಾಗೆಂದರೆ ಅಳುಮುಂಜಿ ಎಂದಾರು. ಅದಕ್ಕೆ ಕಾಲೇಜಿನ ಧ್ವನಿ ತೆಗೆದು, “ಇದು ಸಾದಾ ಬೂಷ್ಟಲ್ಲೋ. ಸೈಂಟಿಫಿಕ್ ಬೂಷ್ಟು. ಟೆಸ್ಟಿಂಗಿಗೆ ಹೋಗೈತಿ. ರಿಜಲ್ಟ್ ಬರೋತನ ಮುಟ್ಟಂಗಿಲ್ಲ,” ಅಂದೆ. ಬಿ.ಎಸ್ಸಿ. ಎರಡನೇ ವರ್ಷದವರೆಗೆ ಬಾಟನಿ ಓದಿದವನು ನಾನು. ‘ಫಂಗೈ ಆರ್ ನಾನ್‌ಗ್ರೀನ್ ಥ್ಯಾಲೋಫೈಟ್ಸ್ ವಿಚ್...’ ಮುಂದೇನೋ ಇತ್ತು. ಅಷ್ಟರಲ್ಲಿ ಪೋಸ್ಟಾಫೀಸಿನ ಆರ್ಡರ್ ಬಂತು.

ಅರುಣ ಕ್ಯಾನು ಇಳಿಸಿದ. ಈಗ ಟೆಸ್ಟಿಂಗಿಗೆ ಕಳಿಸಬೇಕು.

11 ಸೆಪ್ಟೆಂಬರ್, ಬುಧವಾರ

ತಂಬ್ರಹಳ್ಳಿಯಿಂದ ಹುಲುಗಪ್ಪ ಬಂದಿದ್ದ. ನಮ್ಮ ಆಫೀಸಿನಲ್ಲೇ ಪೋಸ್ಟ್‌ಮನ್ ಆಗಿದ್ದವನು. ಸರ್ವೀಸಿನುದ್ದಕ್ಕೂ ‘ಸಾಹೇಬ್ರೆ’ ಅಂದ, ರಿಟೈರಾದ ಮರುದಿನದಿಂದ ‘ಲೇ’ ಅನ್ನುತ್ತಾನೆ. ಬಾಕಿಯೆಲ್ಲ ತೀರಿಸಿಕೊಳ್ಳುತ್ತಿದ್ದಾನೆ.

“ನಿನ್ ಪುಣ್ಯ ಲೇ, ನನ್ ಮಗಳು ಇದ್ರಾಗ ಪಿಎಚ್‌ಡಿ ಮಾಡ್ಯಾಳ. ಮಂದಿ ಎಲಿ ಮ್ಯಾಲ ಊಟ ನೋಡಿದ್ರ ಅಕಿ ಎಲಿ ಮ್ಯಾಲ ಬೂಷ್ಟು ನೋಡ್ತಾಳ.”

ಅವನ ಮಗಳು ಸಂಘಮಿತ್ರಾ ಹಗರಿಬೊಮ್ಮನಹಳ್ಳಿ ಕಾಲೇಜಿನಲ್ಲಿ ಬಾಟನಿ ಲೆಕ್ಚರರ್. ಆರು ಎಲೆ ಕಿತ್ತು ಲಕೋಟೆಯಲ್ಲಿ ಹಾಕಿದೆ. ಮೇಲೆ ಬರೆದೆ: ‘ಕರಿಬೂಷ್ಟು, ಕೇರಾಫ್ ಮಲ್ಲಿಗೆ ಗಿಡ, ಬಾಗಿಲ ಬಲಕ್ಕೆ, ಕೊಟ್ಟೂರು ತಾಲ್ಲೂಕು, ವಿಜಯನಗರ ಜಿಲ್ಲೆ.’ ಹುಲುಗಪ್ಪ ಓದಿ, “ಅದಕ್ಕೂ ಆಧಾರ್ ಕಾರ್ಡ್ ಮಾಡಿಸಿಯೇನು?” ಅಂದ.

20 ಸೆಪ್ಟೆಂಬರ್, ಶುಕ್ರವಾರ

ಸಂಘಮಿತ್ರಾ ಫೋನು ಮಾಡಿ ಕರೆದಳು. ಏಪ್ರಿಲ್‌ನಿಂದ ಊರು ಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಎರಡು ಸೀಟು ಹಿಡಿದು ಕೂತಿದ್ದೆ, ಆಮೇಲೆ ಒಂದು ಬಿಟ್ಟುಕೊಟ್ಟೆ.

ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡದ್ದು ನನ್ನದೇ ರೆಪ್ಪೆ. ಎರಡನೇ ಸಲವೂ ಅದೇ. ಮೂರನೇ ಸಲ, ಅಬ್ಬಾ! ನಾನು ಮಸಿ ಅಂದುಕೊಂಡಿದ್ದು ಒಂದು ಊರೇ. ಕಂದು ದಾರಗಳು ಓಣಿಯ ಹಾಗೆ ಕವಲೊಡೆದಿವೆ. ದಾರದ ಎರಡೂ ಪಕ್ಕ ಸಣ್ಣ ಸಣ್ಣ ಗುಬಟು, ಎಲೆಗೆ ಅಂಟಿ ಹಿಡಿಯಲಿಕ್ಕಂತೆ. ಬೂಷ್ಟಿನ ಬೀಜ, ಅಂದರೆ ಬೀಜಕ, ಐದು ಡಬ್ಬಿಯ ರೈಲು. ನಡುನಡುವೆ ನೆಟ್ಟಗೆ ಎದ್ದ ಕರಿಗೂದಲು.

“ಕೂದಲ ತುದಿ ನೋಡ್ರಿ ಕಾಕಾ,” ಅಂದಳು. “ಮಲ್ಲಿಗಿ ಮ್ಯಾಲಿನ ಕರಿಬೂಷ್ಟು ನಾನು ಭಾಳ ನೋಡೀನಿ. ಅವುಕ್ಕ ತುದಿ ನೆಟ್ಟಗ ಇರ್ತೈತಿ. ಇದಕ್ಕ ಕೊಕ್ಕಿ ಹಂಗ ಬಗ್ಗೈತಿ.”

“ಅಂದ್ರ ರೋಗ ಜಾಸ್ತಿ ಆಗೈತೇನವ್ವಾ?”

“ಅಲ್ರಿ. ಅಂದ್ರ ಇದು ಬ್ಯಾರೆ ಜಾತಿ ಇರಬೌದು. ಯಾರೂ ಹೆಸರಿಡದ್ದು. ಇಲ್ದನೂ ಇರಬೌದು. ಗಟ್ಟಿ ಹೇಳಾಕ ಸುತ್ತಿನ ಐದು ತಾಲೂಕಿನ ಎಲಿ ನೋಡಬೇಕು.”

ಸುಳ್ಳು ಹೇಳಿದವನಿಗೆ ಹೀಗೂ ಶಿಕ್ಷೆ ಆಗುತ್ತದೆಯೇ! ಸಂತೋಷದಿಂದ ಟೀ ಎರಡು ಕಪ್ ಕುಡಿದೆ.

ವಿಂಗಡಣೆ ಹೇಗೆಂದು ಕೇಳಿದೆ. ಕುಟುಂಬ, ಅದರೊಳಗೆ ಕುಲ (ನಮ್ಮ ಬೂಷ್ಟಿನದು ಮೆಲಿಯೋಲಾ ಅಂತೆ), ಅದರೊಳಗೆ ಪ್ರಭೇದ. ಅಷ್ಟೇನಾ! ಜಿಲ್ಲೆ, ತಾಲ್ಲೂಕು, ಊರು. ಈ ಬೂಷ್ಟುಗಳು ವಿಳಾಸ ತಪ್ಪುವುದೂ ಇಲ್ಲವಂತೆ, ಮಲ್ಲಿಗೆಯದು ಹೊಂಗೆಗೆ ಹತ್ತುವುದಿಲ್ಲ. ನಮ್ಮ ಇಲಾಖೆಗೆ ಇಂಥವರು ಬೇಕಿತ್ತು. ಆದರೆ ಕೆಲವನ್ನು ವಿದ್ವಾಂಸರು ಒಂದು ಕುಲದಿಂದ ಕಿತ್ತು ಇನ್ನೊಂದಕ್ಕೆ ಹಾಕಿ, ಮತ್ತೆ ಮೊದಲಿನದಕ್ಕೇ ತಂದು, ಕೊನೆಗೆ ಹೊಸ ಕುಲವನ್ನೇ ಮಾಡುತ್ತಾರಂತೆ.

“ಹರಪನಹಳ್ಳಿ ಹಂಗ,” ಅಂದೆ.

ಸಂಘಮಿತ್ರಾ ಪೆನ್ನು ಕೆಳಗಿಟ್ಟು ನಕ್ಕಳು. ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಹರಪನಹಳ್ಳಿಯವರು ಕೂತಲ್ಲೇ ಕೂತು ಮೂರು ಸಲ ವಿಳಾಸ ತಿದ್ದಿದ್ದಾರೆ. ಆ ಊರಿನ ಕಾಗದ ವಿಂಗಡಿಸಿದವನಿಗೆ ಬೂಷ್ಟು ಯಾವ ಲೆಕ್ಕ.

27 ಸೆಪ್ಟೆಂಬರ್, ಶುಕ್ರವಾರ

ಬೂಷ್ಟನ್ನು ಎಲೆಯಿಂದ ಎಬ್ಬಿಸುವ ಉಪಾಯವನ್ನು ಸಂಘಮಿತ್ರಾ ಹೇಳಿಕೊಟ್ಟಿದ್ದಾಳೆ. ಹೆಂಗಸರು ಉಗುರಿಗೆ ಹಚ್ಚುವ ಪಾಲಿಶ್, ಬಣ್ಣ ಇಲ್ಲದ್ದು, ಕರಿ ಚುಕ್ಕೆಯ ಮೇಲೆ ಹಚ್ಚಬೇಕು. ಒಣಗಿದ ಮೇಲೆ ಮೆಲ್ಲಗೆ ಸುಲಿದರೆ ಬೂಷ್ಟು ಇಡಿಯಾಗಿ ಪೊರೆಗೆ ಅಂಟಿ ಬರುತ್ತದೆ. ಅದನ್ನು ಗಾಜಿನ ಮೇಲಿಟ್ಟರೆ ಮುಗಿಯಿತು. ದೊಡ್ಡ ವಿಜ್ಞಾನಿಗಳೂ ಹಾಗೇ ಮಾಡುವುದಂತೆ.

ಮಾಳಮ್ಮನ ಬಳೆ ಅಂಗಡಿಗೆ ಹೋದೆ. ಹೆಂಗಸರೆಲ್ಲ ಹೋಗಲಿ ಎಂದು ಅರ್ಧ ಗಂಟೆ ಎದುರಿನ ಸೈಕಲ್ ಶಾಪಿನಲ್ಲಿ ಇಲ್ಲದ ಸೈಕಲ್‌ಗೆ ರೇಟು ಕೇಳಿದೆ.

“ಉಗುರಿಗೆ ಹಚ್ಚೋದು ಕೊಡವ್ವ. ಬಣ್ಣ ಇಲ್ಲದ್ದು.”

“ಬಣ್ಣ ಇಲ್ದಿದ್ರ ಯಾಕ ಹಚ್ಚಬೇಕ್ರಿ? ಕೆಂಪು ಒಯ್ರಿ. ಯಾರಿಗ್ರಿ?”

“ಮಲ್ಲಿಗಿಗೆ.”

ಇದು ಹೇಳಬಾರದಿತ್ತು. ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಪಕ್ಕದ ಮನೆಯ ಅಂಜಿನಕ್ಕ.

28 ಸೆಪ್ಟೆಂಬರ್, ಶನಿವಾರ

ಕೊಟ್ಟೂರಿನಲ್ಲಿ ಟಪಾಲು ಮೂರು ದಿನಕ್ಕೆ ಮುಟ್ಟುತ್ತಿತ್ತು, ಸುದ್ದಿಗೆ ಅಷ್ಟೂ ಬೇಡ. ಬೆಳಿಗ್ಗೆ ಅರುಣ ಅಂಗಡಿಗೆ ಹೋಗದೆ ಕಂಬಕ್ಕೆ ಒರಗಿ ನಿಂತಿದ್ದ. ಶಾಂಭವಿ ಉಪ್ಪಿಟ್ಟು ಕೊಟ್ಟು ಎದುರಿಗೇ ಕೂತಳು. ಅಂಜಿನಕ್ಕ ಸಕ್ಕರೆ ಕೇಳುವ ನೆವದಲ್ಲಿ ಬಂದು ಸಕ್ಕರೆ ಕೇಳಲಿಲ್ಲ.

“ಮಾವಾರ, ಮಲ್ಲಿಗಿ ಅಂದ್ರ ಯಾರ್ರಿ?”

“ಅಣ್ಣಾರ,” ಎಂದಳು ಅಂಜಿನಕ್ಕ, “ವರ್ಷನಾದ್ರೂ ಆಗ್ಲಿಲ್ಲ. ಅದೂ ಉಗುರಿಗೆ ಬಣ್ಣ ಹಚ್ಚೋ ವಯಸ್ಸಿನಾಕಿನ್ನ...”

ಡೆಮಾನ್‌ಸ್ಟ್ರೇಷನ್ ಕೊಟ್ಟೆ. ನಾಲ್ಕು ಎಲೆ ಕಿತ್ತು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಪಾಲಿಶ್ ಹಚ್ಚಿದೆ. ಅರ್ಧ ಉಪ್ಪಿಟ್ಟಿಗೂ ಹತ್ತಿತು. ಒಣಗಿದ ಮೇಲೆ ಸುಲಿದರೆ ಮೂರು ಹರಿದವು. ನಾಲ್ಕನೆಯದನ್ನು ಶಾಂಭವಿ ಕಸಿದುಕೊಂಡು, “ಹಂಗಲ್ರಿ, ಒಂದ್ಕಡಿಂದ ಎಳೀಬೇಕು,” ಅಂತ ಒಂದೇ ಎಳೆತಕ್ಕೆ ಎಬ್ಬಿಸಿದಳು. ಗಾಜಿನಂಥ ಪೊರೆ, ಅದರೊಳಗೆ ಬೂಷ್ಟು ಒಂದು ಎಳೆಯೂ ಹರಿಯದೆ ಕೂತಿತ್ತು. ಎಲೆ ಹಸಿರಾಗಿ ಹೊಳೆಯಿತು.

“ಅಯ್ಯ, ಚೆಂದ ಐತಲ್ರೀ!” ಅಂದಳು. ಆಮೇಲೆ ಮೂವತ್ತು ಎಲೆಗೆ ಅವಳೇ ಹಚ್ಚಿದಳು. ಹಾಲು ಉಕ್ಕಿತು. ಇದು ನನ್ನ ತಪ್ಪಲ್ಲ.

9 ಅಕ್ಟೋಬರ್, ಬುಧವಾರ

ಮಳೆ. ಏನೂ ಇಲ್ಲ. ಅಲಮಾರಿ ತೆಗೆದವನು ಯಾಕೆ ತೆಗೆದೆನೆಂದು ಮರೆತು ಮುಚ್ಚಿದೆ.

21 ಅಕ್ಟೋಬರ್, ಸೋಮವಾರ

ಅವಮಾನವನ್ನು ಚುಟುಕಾಗಿ ಬರೆಯಬೇಕು.

ಕೂಡ್ಲಿಗಿ, ಹರಪನಹಳ್ಳಿ, ಬಾಗಳಿ ಎಲ್ಲ ಕಡೆಯ ಎಲೆ ತಂದಾಯಿತು. ಲಕೋಟೆ ನೂರಾ ಹನ್ನೆರಡು. ಮೊನ್ನೆ ಉಜ್ಜಿನಿಗೆ ಹೋಗಿದ್ದೆ, ಹುಲುಗಪ್ಪನೂ ಇದ್ದ. ಗುಡಿಯ ಹಿಂದಿನ ಬಿಲ್ವಪತ್ರೆಯ ಎಲೆಯ ಮೇಲೆ ಬಿಳಿ ಬೂಷ್ಟು ಕಂಡಿತು. ಸಾದಾ ಬಿಳಿಯಲ್ಲ, ಮೂರು ಗೆರೆ, ಒಂದರ ಪಕ್ಕ ಒಂದು. ಜಗತ್ತಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ ಎಂದುಕೊಂಡೆ. ಎರಡು ಪುಟ ಇಂಗ್ಲಿಷಿನಲ್ಲೇ ವರ್ಣನೆ ಬರೆದೆ: ‘ಕಾಲೊನಿ ವೈಟ್, ಪೌಡರಿ, ಥ್ರೀ ಪ್ಯಾರಲಲ್ ಲೈನ್ಸ್, ವೆರಿ ಪಂಕ್ಚುವಲ್.’ ನೀಟಾದ ಚಿತ್ರ ಬರೆದು ಭಾಗಗಳನ್ನೂ ಗುರುತಿಸಿದೆ.

ಇವತ್ತು ಸಂಘಮಿತ್ರಾ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ತಲೆ ಎತ್ತಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು.

“ಕಾಕಾ, ಎಲಿ ಕೀಳಾಕ್ಕಿಂತ ಮೊದ್ಲು ಏನ್ ಮಾಡಿದ್ರಿ?”

“ಗುಡಿಯಾಗ ವಿಭೂತಿ ಹಚ್ಕಂಡೆ.”

“ಯಾವ ಬೆರಳ್ಲೆ?”

ನನ್ನ ಮೂರು ಬೆರಳನ್ನು ನಾನೇ ನೋಡಿಕೊಂಡೆ. ಹುಲುಗಪ್ಪ ಹೊರಗೆ ಹೋಗಿ ಗೋಡೆ ಹಿಡಿದು ನಕ್ಕ. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲೂ, ತನ್ನ ತಂಬ್ರಹಳ್ಳಿ ಬಸ್ಸು ಹತ್ತುವತನಕ, ಪಕ್ಕದವರಿಗೆಲ್ಲ ಹೇಳಿ ಹೇಳಿ ನಕ್ಕ. ನನಗೂ ನಗು ಬಂತು. ಬರಬಾರದಿತ್ತು.

18 ನವೆಂಬರ್, ಸೋಮವಾರ

ಗಟ್ಟಿಯಾಯಿತು! ಹೊಸದು! ಇದುವರೆಗೆ ಯಾವ ಪುಸ್ತಕದಲ್ಲೂ ಇಲ್ಲದ್ದು!

ಐದು ತಾಲ್ಲೂಕಿನ ಮಲ್ಲಿಗೆಯಲ್ಲಿ ಕೊಕ್ಕೆಗೂದಲಿನ ಬೂಷ್ಟು ಸಿಕ್ಕಿದ್ದು ಎರಡೇ ಕಡೆ. ಒಂದು ನಮ್ಮ ಬಾಗಿಲ ಬಲಕ್ಕೆ. ಇನ್ನೊಂದು ಹಡಗಲಿಯಲ್ಲಿ ನನ್ನ ಭಾವಮೈದ ಸಿದ್ದಲಿಂಗನ ತೋಟದಲ್ಲಿ. ಅದು ಇವಳ ತವರು. ಅಂದರೆ ಆ ಸಸಿಯ ಎಲೆಯ ಅಡಿಯಲ್ಲಿ ಈ ಬೂಷ್ಟೂ ಸೆರಗಿನೊಳಗೆ ಕೂತು ಕೊಟ್ಟೂರಿಗೆ ಬಂದಿದೆ. ನಲವತ್ತೆರಡು ವರ್ಷ ನಮ್ಮ ಜೊತೆಗೇ ಇತ್ತು. ಯಾರಿಗೂ ಕಾಣಿಸಲಿಲ್ಲ.

“ಹುಡುಕಿದ್ದು ನೀವು. ಯಾರ ಹೆಸರಿಡಬೇಕು, ನೀವ ಹೇಳ್ರಿ ಕಾಕಾ,” ಅಂದಳು ಸಂಘಮಿತ್ರಾ ಫೋನಿನಲ್ಲಿ. “ಒಮ್ಮಿ ಅಚ್ಚಾತಂದ್ರ ಜಗತ್ತು ಇರೋತನ ಅದ ಹೆಸರು. ಯಾರೂ ಅಳಸಾಕ ಬರಂಗಿಲ್ಲ.”

ಯಾರ ಹೆಸರೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ತಂದವಳ ಹೆಸರು. ಬಾಯಿ ತೆರೆದೆ. ಬರಲಿಲ್ಲ.

“ನಮ್ಮನಿ...”

“ಹಲೋ? ಯಾರ್ರಿ?”

“ನಾಳಿ ಹೇಳ್ತೀನವ್ವ.”

ಇದನ್ನು ಬರೆದಿಡಬೇಕು, ಬೇರೆ ಯಾರಿಗೆ ಹೇಳಲಿ. ಇವಳ ಹೆಸರನ್ನು ನಾನು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಮದುವೆಯ ದಿನ ಹಡಗಲಿಯ ಹೆಣ್ಣುಮಕ್ಕಳು ಹೊಸ್ತಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಹೆಂಡತಿ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದರು. ಬಸ್ಸಿನಲ್ಲಿ ಬರುವಾಗ ಒಡಪು ಬಾಯಿಪಾಠ ಮಾಡಿದ್ದೆ. ಅಷ್ಟು ಮಂದಿಯ ಎದುರು ಅದೂ ಹೋಯಿತು, ಹೆಸರೂ ಹೋಯಿತು. ಹಿತ್ತಲ ಬಾಗಿಲಿಂದ ಒಳಗೆ ಬಂದ ಅಳಿಯ ಎಂದು ಈಗಲೂ ಅಲ್ಲಿ ನನ್ನನ್ನು ಗುರುತಿಸುತ್ತಾರೆ. ಆಮೇಲೆ ‘ಏ ಇಕಿ’, ‘ಕೇಳಿಸ್ತೇನು’, ‘ಅರುಣನ ತಾಯಿ’ ಇಷ್ಟರಲ್ಲೇ ಸಂಸಾರ ನಡೆಯಿತು. ಆಫೀಸಿನ ಫಾರಂನಲ್ಲಿ ಹೆಂಡತಿಯ ಹೆಸರು ಎಂಬ ಕಡೆ ಬಂದರೆ ಹುಲುಗಪ್ಪನಿಗೆ ಕೊಟ್ಟು ಬರೆಸುತ್ತಿದ್ದೆ. “ಒಂದ್ಸಲ ಕರದ್ರ ಏನು ಹೋಗ್ತೈತಿ?” ಎಂದು ಇವಳು ಕೇಳುತ್ತಿದ್ದಳು. ನಗುತ್ತಲೇ ಕೇಳುತ್ತಿದ್ದಳು.

20 ನವೆಂಬರ್, ಬುಧವಾರ

ಮನೆಯಲ್ಲಿ ವಿರೋಧ. ಹೆಸರು ಹೇಳದೆ, ‘ತಂದಾಕಿ ಹೆಸರು’ ಎಂದೆ. ಅಷ್ಟಕ್ಕೇ ಅಂಜಿನಕ್ಕ ಬಾಯಿಗೆ ಕೈ ಇಟ್ಟಳು. “ಬೂಷ್ಟಿಗೇನ್ರೀ ಅಣ್ಣಾರ? ಆ ಪುಣ್ಯಾತ್ಗಿತ್ತಿ ಉಪ್ಪಿನಕಾಯಿ ಭರಣಿಗೆ ಒಂದಿನ ಬೂಷ್ಟು ಬರಗೊಟ್ಟಾಕಿ ಅಲ್ಲ!”

“ಗುಲಾಬಿಗೆ ಇಟ್ರ ಬ್ಯಾಡ ಅಂತಿದ್ವೇನ್ರಿ?” ಅಂದಳು ಶಾಂಭವಿ.

“ಅಪ್ಪಾ, ಅಂಗಡಿಯಾಗ ಅದಕ್ಕ ಔಷಧಿ ಮಾರೋನು ನಾನು,” ಅಂದ ಅರುಣ. “ಅವ್ವನ ಹೆಸರಿಂದಕ್ಕ ಎಷ್ಟು ಮಿಲಿ ಹೊಡೀಬೇಕು ಅಂತ ಗಿರಾಕಿಗೆ ಹೆಂಗ ಹೇಳ್ಲಿ?”

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಗುಲಾಬಿಯನ್ನು ಅವಳು ತರಲಿಲ್ಲ. ಬೂಷ್ಟಿಗೆ ಗಿಡ ಒಂದೇ, ಬೇರೆ ಕಡೆ ಹೋಗಿ ಬದುಕುವುದಿಲ್ಲ. ಇಂಥದ್ದಕ್ಕೆ ಇಡದೆ ಇನ್ನಾವುದಕ್ಕೆ ಇಡಲಿ. ಇದನ್ನು ಅವರಿಗೆ ಹೇಳಲಿಲ್ಲ, ಇಲ್ಲೇ ಬರೆದೆ.

ಸಂಜೆ ಹುಲುಗಪ್ಪ ಬಂದ. ಅವನ ಕೈಗೆ ಚೀಟಿ, ಪೆನ್ನು ಕೊಟ್ಟು, “ಯಾವ ಹೆಸರಂತ ನಿನಗ ಗೊತ್ತೈತಲ್ಲ. ನನ್ ಬಾಯಿಲೆ ಬರಂಗಿಲ್ಲ. ಬರದು ಮಗಳಿಗೆ ಕೊಟ್ಟುಬಿಡು,” ಅಂದೆ.

ಅವನು ನನ್ನ ಮುಖ ನೋಡಿ ಮೀಸೆಯಲ್ಲೇ ನಕ್ಕ. “ಗೊತ್ತು ಬಿಡಲೇ. ನಾಚ್ಕಿ ಯಾಕ?” ಎಂದು ಬರೆದು ಜೇಬಿಗೆ ಹಾಕಿಕೊಂಡ.

ಮುಗಿಯಿತು. ಹಗುರಾಯಿತು. ಪೂರ್ತಿ ಹಗುರಾಗಲಿಲ್ಲ, ಯಾಕೋ.

12 ಮಾರ್ಚ್ 2025, ಬುಧವಾರ

ಬಹಳ ದಿನ ಬರೆದಿಲ್ಲ, ಪುರಸೊತ್ತಿಲ್ಲ. ಸಂಘಮಿತ್ರಾಳ ವಿದ್ಯಾರ್ಥಿಗಳಿಗೆ ಎಲೆ ಲಕೋಟೆ ಮಾಡುವುದು ಹೇಗೆಂದು ವಾರಕ್ಕೊಮ್ಮೆ ಹೇಳಿಕೊಡುತ್ತೇನೆ. ಟೆಲಿಗ್ರಾಂ ಕಥೆ ಅವರು ಪೂರ್ತಿ ಕೇಳಿದರು.

ಇವತ್ತಿನದು ಇವತ್ತೇ ಬರೆಯಬೇಕು.

ಹಡಗಲಿಯಲ್ಲಿ ಸಿದ್ದಲಿಂಗನ ತೋಟದಿಂದ ಇನ್ನಷ್ಟು ಎಲೆ ತೆಗೆದುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಊರು ಬಿಟ್ಟು ಅರ್ಧ ಗಂಟೆಯಾಗಿರಬೇಕು, ಫೋನು ಬಂತು.

“ಕಾಕಾ, ನಮ್ಮ ಲೇಖನದ ಕಡೇ ಪ್ರೂಫ್ ಬಂದೈತಿ! ಐದು ಗಂಟೆಯೊಳಗ ವಾಪಸ್ ಕಳಿಸಬೇಕು. ನಿಮ್ಮ ಹೆಸರು ಅಚ್ಚಿನಾಗ ಎಷ್ಟು ಚೆಂದ ಕಾಣ್ತೈತಿ ಗೊತ್ತೇನ್ರಿ? ಮೆಲಿಯೋಲಾ ಗುರುಸಂಗಪ್ಪೇ!”

“ಯಾರ ಹೆಸರು?”

“ನಿಮ್ದ. ಅಪ್ಪ ಚೀಟಿ ಬರದು ಕೊಟ್ಟಿದ್ನಲ್ಲ.”

ಗಡಿಯಾರ ನೋಡಿದೆ. ಐದಕ್ಕೆ ಏಳು ನಿಮಿಷ. ಜಗತ್ತು ಇರುವತನಕ ಮಲ್ಲಿಗೆ ಎಲೆಯ ಅಡಿಯಲ್ಲಿ ಕೊಕ್ಕೆಗೂದಲು ಬಿಟ್ಟುಕೊಂಡು ನಾನು ಕೂತಿರುವುದು ಕಣ್ಣಿಗೆ ಕಟ್ಟಿತು. ತಂದವಳು ಎಲ್ಲೂ ಇಲ್ಲ.

“ನಂದಲ್ಲವ್ವ! ಅರುಣನ ತಾಯೀದು!”

“ಹೆಸರೇನ್ರಿ ಕಾಕಾ? ಸ್ಪೆಲಿಂಗ್ ಬೇಕು, ಜಲ್ದಿ.”

“ಹಡಗಲಿಯಾಕಿ. ಸಿದ್ದಲಿಂಗನ ಅಕ್ಕ.”

“ಕಾಕಾ! ಹೆಸರು!”

ಬಸ್ಸು ಹಳ್ಳಕ್ಕೆ ಇಳಿಯಿತು. ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು. ಬಸ್ಸಿನ ತುಂಬ ಸಂತೆ ಮುಗಿಸಿದ ಮಂದಿ. ಪಕ್ಕದಲ್ಲಿ ಬುಟ್ಟಿ ಹಿಡಿದ ಮುದುಕಿ. ಎದ್ದು ನಿಂತೆ.

“ನಾಗಲಿಂಗಮ್ಮ,” ಅಂದೆ.

“ಕೇಳವಲ್ದು!”

“ನಾಗಲಿಂಗಮ್ಮ!”

“ಹಲೋ? ಹಲೋ?”

“ನಾಗಲಿಂಗಮ್ಮಾ! ನಾಗಲಿಂಗಮ್ಮಾ! ನಾಗಲಿಂಗಮ್ಮಾ!”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಧೂಳೆಬ್ಬಿಸಿ ನಿಂತಿತು.

“ಏನ್ರೀ ಯಜಮಾನ್ರ, ಹೆಣ್ಮಕ್ಕಳನ್ನ ಹತ್ತಿಸ್ಕಳ್ದನ ಬರ್ತೀರೇನ್ರೀ? ಎಲ್ಲಿ ಉಳದ್ರು?”

“ಹಿಂದಿನ ಸ್ಟಾಪಿನ್ಯಾಗ ಒಬ್ಬಾಕಿ ನಿಂತಿದ್ಲು, ಹಸರು ಸೀರಿ,” ಎಂದ ಹಿಂದಿನ ಸೀಟಿನವನು. ಮುದುಕಿ, “ತಡೀಪಾ ಡ್ರೈವರ, ಓಡಿ ಬರ್ತಿರಬೇಕು ಪಾಪ,” ಅಂದಳು. ಬಸ್ಸಿನ ಮಂದಿಯೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಿನ ರಸ್ತೆ ನೋಡಿದರು.

ನಾನೂ ನೋಡಿದೆ.

ಬಸ್ಸು ನಿಂತಿದ್ದರಿಂದ ಫೋನು ಸರಿಯಾಗಿ ಕೇಳಿಸಿತು. “ಬರಕಂಡೆ ಕಾಕಾ. ನಾಗಲಿಂಗಮ್ಮ. ಈಗ ತಿದ್ದಿ ಕಳಿಸ್ತೀನಿ, ಇನ್ನ ನಾಕು ನಿಮಿಷ ಐತಿ.” ಎರಡು ನಿಮಿಷದಲ್ಲಿ ಮತ್ತೆ ಮಾಡಿದಳು. “ಹೋತು!”

ಕಂಡಕ್ಟರ್ ಇನ್ನೂ ಬಾಗಿಲಲ್ಲೇ ಇದ್ದ. “ಇಲ್ರಿ,” ಎಂದೆ. “ಅಕಿ ನನ್ ಹೆಂಡ್ತಿ. ಹೋದ ಏಪ್ರಿಲ್‌ನ್ಯಾಗ ತೀರಿಕಂಡ್ಲು. ಒಂದು ಬೂಷ್ಟಿಗೆ ಅಕಿ ಹೆಸರಿಟ್ಟೀವಿ.”

ಕಿಟಕಿಯಿಂದ ತಲೆಗಳು ಒಂದೊಂದೇ ಒಳಗೆ ಬಂದವು. ಆಮೇಲೆ ಮುದುಕಿ, “ಯಾವ ಬೂಷ್ಟಪ್ಪ? ತೋರ್ಸು,” ಅಂದಳು.

ಲಕೋಟೆ ಬಿಚ್ಚಿದೆ. ಎಲೆ ಕೈಯಿಂದ ಕೈಗೆ ಡ್ರೈವರ್‌ತನಕ ಹೋಯಿತು. ಅವನು ಕನ್ನಡಿಗೆ ಹಿಡಿದು ನೋಡಿ, “ನಮ್ಮ ದಾಸವಾಳಕ್ಕೂ ಹತ್ತೈತ್ರಿ, ಅದಕ್ಕ ಯಾರ ಹೆಸರೈತಿ?” ಎಂದ. ದಾಸವಾಳದ್ದು ಬೇರೆ ಕುಲ ಎಂದು ಕೊಟ್ಟೂರು ಬರುವವರೆಗೂ ವಿವರಿಸಿದೆ. ಮುದುಕಿ ತನ್ನ ಊರು ದಾಟಿದ್ದನ್ನು ಮರೆತಳಂತೆ, ಅವಳನ್ನು ವಾಪಸು ಬಸ್ಸಿಗೆ ಹತ್ತಿಸಿ ಬಂದೆ.

ರಾತ್ರಿ ಊಟದ ಹೊತ್ತಿಗೆ ಹುಲುಗಪ್ಪನ ಫೋನು. “ಹೆಂಡ್ತಿ ಹೆಸರು ಬೂಷ್ಟಿಗೆ ಇಡೋನು ನೀನೊಬ್ಬನ ಇರಬೇಕು ನೋಡಲೇ. ನಿನ್ ಹೆಸರಿಗೆ ಆಸಿ ಬಿದ್ದು ನಾಚ್ಕಂತಿ ಅಂತ ತಿಳಕಂಡೆ.” ಬಯ್ಯೋಣವೆಂದರೆ ಗಂಟಲಿಂದ ಗಾಳಿ ಮಾತ್ರ ಬಂತು.

ಧ್ವನಿ ಪೂರ್ತಿ ಕೂತಿದೆ. ಶಾಂಭವಿಗೆ ಖುಷಿಯಾಗಿರಬೇಕು, ಆದರೂ ಕಷಾಯ ಮಾಡಿಕೊಟ್ಟಳು. ಮೆಣಸು ಕಡಿಮೆ. ನಾಗಲಿಂಗಮ್ಮ ಆಗಿದ್ದರೆ ಇನ್ನೊಂದು ಹಿಡಿ ಜಜ್ಜಿ ಹಾಕಿ, ಕುಡಿಯುವತನಕ ಎದುರಿಗೇ ನಿಂತು, ಕಣ್ಣಲ್ಲಿ ನೀರು ಬರಿಸುತ್ತಿದ್ದಳು.